ನಾಲ್ಕನೆಯ ಕೂಗು

ಆ ಊರಿಗೆ ಇದ್ದದ್ದು ಒಂದೇ ಕಟ್ಟಳೆ. ಕದಲಬಲ್ಲದ್ದು ವರ್ಷಕ್ಕೊಮ್ಮೆಯಾದರೂ ಕದಲಬೇಕು. ಕದಲದಿದ್ದರೆ ಅದರ ಸುತ್ತ ಸುಣ್ಣದ ಗೆರೆ ಬೀಳುತ್ತದೆ. ಗೆರೆ ಬಿದ್ದದ್ದನ್ನು ಆಮೇಲೆ ಯಾರೂ ಮುಟ್ಟುವಂತಿಲ್ಲ, ಆ ಗೆರೆಯನ್ನು ಯಾರೂ ದಾಟುವಂತಿಲ್ಲ.

ಮರಕ್ಕೆ ಈ ಕಟ್ಟಳೆಯಿಲ್ಲ, ಅದಕ್ಕೆ ಬೇರಿದೆ. ಬಾವಿಗಿಲ್ಲ, ಗೋಡೆಗಿಲ್ಲ, ಗುಡ್ಡಕ್ಕಿಲ್ಲ. ಅವು ಕದಲಲಾರವು, ಕದಲಲಾರದ್ದರ ಮೇಲೆ ಊರಿಗೆ ಸಿಟ್ಟಿಲ್ಲ. ಕದಲಬಹುದಾಗಿದ್ದೂ ಕದಲದೆ ಕೂತದ್ದರ ಮೇಲೆಯೇ ಊರಿನ ಕಣ್ಣು. ಬಾಗಿಲಿನ ವಿಷಯದಲ್ಲಿ ಮಾತ್ರ ಹಿಂದೆ ಮೂರು ತಲೆಮಾರು ಜಗಳ ನಡೆದಿತ್ತಂತೆ. ಬಾಗಿಲು ದಿನಕ್ಕೆ ನೂರು ಸಲ ಕದಲುತ್ತದೆ, ಆದರೆ ಎಲ್ಲಿಗೂ ಹೋಗುವುದಿಲ್ಲ. ಅದನ್ನು ಯಾವ ಕಡೆಗೆ ಸೇರಿಸುವುದು? ಕೊನೆಗೆ, ಕಿರ್ ಎಂದು ಸದ್ದಾದರೆ ಕದಲಿದ ಹಾಗೆಯೇ ಎಂದು ತೀರ್ಮಾನವಾಯಿತು. ಅಂದಿನಿಂದ ಆ ಊರಿನಲ್ಲಿ ಯಾರೂ ಬಾಗಿಲಿಗೆ ಎಣ್ಣೆ ಬಿಡುವುದಿಲ್ಲ.

ವರ್ಷಕ್ಕೊಂದು ದಿನ ಕದಲುವ ಹಬ್ಬ. ಅದಕ್ಕೆ ಗೊತ್ತಾದ ತಿಥಿಯಿಲ್ಲ. ಊರನ್ನೆಲ್ಲ ಕದಲು ಎನ್ನುವ ಹಬ್ಬ ತಾನೇ ಒಂದು ದಿನಕ್ಕೆ ಅಂಟಿಕೊಂಡರೆ ನಗೆಪಾಟಲಲ್ಲವೇ? ಹೋದ ಸಲ ಜೋಳ ಹಾಲುಗಟ್ಟುವಾಗ ಬಂದಿದ್ದರೆ ಈ ಸಲ ಹುಣಸೆ ಹಣ್ಣಾಗುವಾಗ. ಊರಹಿರಿಯ ದಿನ ಗೊತ್ತುಮಾಡಿ, ಒಂಬತ್ತು ದಿನ ಮೊದಲು ಡಂಗುರ ಹೊಡೆಸುತ್ತಿದ್ದ. ಹಬ್ಬದ ಬೆಳಗಾಗುತ್ತಲೇ ಮನೆಮನೆಯಲ್ಲೂ ಗಡಿಗೆ, ಪೆಟ್ಟಿಗೆ, ಮಣೆ, ತೊಟ್ಟಿಲು, ಬೀಸುಕಲ್ಲು ಎಲ್ಲವನ್ನೂ ಒಂದು ಗೇಣು ಸರಿಸುತ್ತಿದ್ದರು. ಸರಿಸಿ, ಮತ್ತೆ ಇದ್ದಲ್ಲಿಯೇ ಇಡುತ್ತಿದ್ದರು. ನಗಬೇಡಿ, ನಮ್ಮ ನಿಮ್ಮ ಮನೆಯ ಹಬ್ಬಗಳೂ ಬಹುಪಾಲು ಇಷ್ಟೇ.

ಮಧ್ಯಾಹ್ನ ಗೆರೆಯವನು ಬರುತ್ತಿದ್ದ. ಎಡಗೈಯಲ್ಲಿ ಸುಣ್ಣದ ಗಡಿಗೆ, ಬಲಗೈಯಲ್ಲಿ ನಾರಿನ ಕುಂಚ. ಅವನು ಯಾರನ್ನೂ ಏನೂ ಕೇಳುತ್ತಿರಲಿಲ್ಲ. ವಸ್ತುವಿನ ಬುಡಕ್ಕೆ ಬಗ್ಗಿ ನೋಡುತ್ತಿದ್ದ. ಬುಡದಲ್ಲಿ ಜೇಡರ ಬಲೆ ಇಡಿಯಾಗಿದ್ದರೆ, ಧೂಳು ಕೆನೆಗಟ್ಟಿದ್ದರೆ, ಕುಂಚ ಅದ್ದುತ್ತಿದ್ದ. ಸುತ್ತ ಒಂದು ಗೆರೆ. ಗೆರೆ ಮುಗಿದ ಮೇಲೆ ಬೀದಿಗೆ ಬಂದು, ಕತ್ತೆತ್ತಿ, ಮೂರು ಸಲ ಕೂಗುತ್ತಿದ್ದ.

"ಬರ್ರೀ. ಬರ್ರೀ. ಬರ್ರೀ."

ಈ ಕೂಗು ಕೇಳಿದ ಕೂಡಲೇ ಊರಿನವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು, ಒಳಗೆ ಹೋಗಿ, ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದು ಪದ್ಧತಿ. ಮಾತು ಕಲಿಯುವ ಕೂಸಿಗೂ ಮೊದಲು ಕಲಿಸುತ್ತಿದ್ದದ್ದು ಅದನ್ನೇ: ಬರ್ರೀ ಅಂದರೆ ಒಳಗೆ ಓಡು. ಗೆರೆ ಒಣಗುವ ತನಕ ಊರು ಬಾಗಿಲ ಹಿಂದೆ ಉಸಿರು ಹಿಡಿದು ಕೂತಿರುತ್ತಿತ್ತು. ಒಣಗಿದ ಗೆರೆಯೇ ಗೆರೆ ಎಂಬುದು ಕಟ್ಟಳೆಯ ಮಾತು. ಹಸಿ ಇರುವಾಗ ಏನು ಮಾಡಬಹುದಿತ್ತು ಎಂದು ಯಾರೂ ಯೋಚಿಸಿರಲಿಲ್ಲ, ಯಾಕೆಂದರೆ ಹಸಿ ಇರುವಾಗ ಎಲ್ಲರೂ ಒಳಗಿರುತ್ತಿದ್ದರು.

ಹೀಗೆ ಊರು ತುಂಬುತ್ತ ಬಂತು. ನಾಲ್ಕು ದಾರಿ ಕೂಡುವಲ್ಲಿ ಒಂದು ಚಕ್ಕಡಿ, ಗಾಲಿ ಮುರಿದ ವರ್ಷ ಯಾರೋ ಬಿಟ್ಟುಹೋದದ್ದು. ಅದಕ್ಕೆ ಗೆರೆ ಬಿದ್ದು ಈಗ ಅದರ ನೊಗದ ನಡುವೆ ಬೇವಿನ ಗಿಡ ಎದ್ದಿತ್ತು. ಮದುವೆಯ ದಿಬ್ಬಣ ಅದನ್ನು ಸುತ್ತಿಕೊಂಡು ಹೋಗಬೇಕು, ಹೆಣವೂ ಸುತ್ತಿಕೊಂಡೇ ಹೋಗಬೇಕು. ಒಬ್ಬರ ಅಡಿಗೆಮನೆಯಲ್ಲಿ ಉಪ್ಪಿನಕಾಯಿಯ ಜಾಡಿ, ಒಬ್ಬರ ನಡುಮನೆಯಲ್ಲಿ ತೊಟ್ಟಿಲು. ತೊಟ್ಟಿಲಿನ ಮನೆಯವರ ಬಗ್ಗೆ ಊರಿನಲ್ಲಿ ಯಾರೂ ಮಾತೆತ್ತುತ್ತಿರಲಿಲ್ಲ.

ಮನುಷ್ಯರೂ ಇದ್ದರು. ಒಂದು ಕಾಲದಲ್ಲಿ ಒಬ್ಬ ಶ್ರೀಮಂತ ಹಾಸಿಗೆ ಬಿಟ್ಟೇಳದೆ, ಹಬ್ಬದ ದಿನ ಆಳುಗಳಿಂದ ಮಂಚ ಎತ್ತಿಸಿ, ಕದಲಿದೆ ಎಂದು ಹಲ್ಲು ಕಿರಿದಿದ್ದನಂತೆ. ಊರಿಗೆ ರೇಗಿತು. ಆವತ್ತು ಕಟ್ಟಳೆಗೊಂದು ಬಾಲ ಸೇರಿತು: ಮನುಷ್ಯ ತಾನಾಗಿ ಕದಲಬೇಕು, ಹೊತ್ತರೆ ಅದು ಹೊತ್ತವರ ನಡೆ. ಒಬ್ಬ ಸೋಮಾರಿಗೆ ಕಟ್ಟಿದ ಬಾಲ ಆಮೇಲೆ ಬಿದ್ದವರಿಗೆಲ್ಲ ಸುತ್ತಿಕೊಂಡಿತು. ಗೆರೆ ಬಿದ್ದವರಿಗೆ ಊರು ಅನ್ನ ನಿಲ್ಲಿಸುತ್ತಿರಲಿಲ್ಲ, ಅಷ್ಟು ಕೆಟ್ಟ ಊರಲ್ಲ ಅದು. ಉದ್ದ ಹಿಡಿಕೆಯ ಸೌಟಿನಲ್ಲಿ ಗೆರೆಯ ಆಚೆಯಿಂದ ನೀಡುತ್ತಿದ್ದರು. ಆದರೆ ಮುಟ್ಟುತ್ತಿರಲಿಲ್ಲ, ಪಕ್ಕದಲ್ಲಿ ಕೂರುತ್ತಿರಲಿಲ್ಲ, ತಲೆ ಬಾಚುತ್ತಿರಲಿಲ್ಲ. ದಿನ ಕಳೆದಂತೆ ಅವರ ಮಾತು ನಿಲ್ಲುತ್ತಿತ್ತು. ಆಮೇಲೆ ಅವರು ದಾರಿ ಹೇಳುವ ಗುರುತಾಗುತ್ತಿದ್ದರು. "ಅಜ್ಜನ ಹತ್ರ ಎಡಕ್ಕ ಹೊಳ್ಳರಿ" ಎನ್ನುತ್ತಿದ್ದರು, ಅಜ್ಜ ಕೇಳಿಸಿಕೊಳ್ಳುತ್ತಿದ್ದ.

ಊರಹಿರಿಯನ ತಾಯಿಗೆ ಗೆರೆ ಬಿದ್ದು ನಾಲ್ಕು ವರ್ಷವಾಗಿತ್ತು. ಒಳಕೋಣೆಯಲ್ಲಿ, ಕಿಟಕಿಯ ಕೆಳಗೆ. ಮಗನೇ ದಿನಕ್ಕೆರಡು ಸಲ ಸೌಟು ಹಿಡಿದು ನೀಡುತ್ತಿದ್ದ. "ನನ್ನ ತಾಯಿಗೂ ಬಿಡಲಿಲ್ಲ" ಎಂದು ಊರ ಮುಂದೆ ಹೇಳಿಕೊಳ್ಳುತ್ತಿದ್ದ. ಹೇಳುವಾಗ ಎದೆ ಉಬ್ಬುತ್ತಿತ್ತು, ದನಿ ಮಾತ್ರ ಇಳಿಯುತ್ತಿತ್ತು.

ಈಗ ಗೆರೆಯವನ ಮನೆಗೆ ಬರೋಣ.

ಅವನಿಗೊಬ್ಬ ಅಕ್ಕ. ಊರಿಗೆಲ್ಲ ಕೌದಿ ಹೊಲಿದುಕೊಡುವವಳು, ಹಾಗಾಗಿ ಊರಿಗೆ ಅವಳು ಕೌದಿಯವಳು. ಮನೆಮನೆಯವರು ಹಳೆಯ ಸೀರೆ, ಹರಿದ ಧೋತರ, ಕೂಸಿನ ಕುಲಾವಿ ತಂದುಕೊಡುತ್ತಿದ್ದರು. ಅವಳು ತುಂಡಿಗೆ ತುಂಡು ಕೂಡಿಸಿ ಹೊದೆಯುವುದಕ್ಕೆ ಮಾಡಿಕೊಡುತ್ತಿದ್ದಳು. ತಾಯಿ ಸತ್ತಾಗ ಗೆರೆಯವನಿಗೆ ಒಂದು ವರ್ಷ, ಅವಳಿಗೆ ಹನ್ನೆರಡು. ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಅವಳು ಸೂಜಿ ಹಿಡಿಯುವುದು ಕಲಿತಳು.

ಹೋದ ಹಬ್ಬ ಕಳೆದ ಮಾರನೆಯ ದಿನ ಅವಳು ಅಟ್ಟದ ಏಣಿಯಿಂದ ಬಿದ್ದಳು. ಸೊಂಟದ ಕೆಳಗೆ ಬಲ ಹೋಯಿತು. ಅಂದಿನಿಂದ ಪಡಸಾಲೆಯ ಕಂಬಕ್ಕೆ ಒರಗಿ, ಒಂದು ಕೌದಿಯ ಮೇಲೆ ಕೂತದ್ದು. ತಮ್ಮ ಎತ್ತಿ ಸ್ನಾನ ಮಾಡಿಸುತ್ತಿದ್ದ, ಎತ್ತಿ ತಂದು ಅಲ್ಲಿಯೇ ಕೂರಿಸುತ್ತಿದ್ದ. ಅದು ಅವನ ನಡೆ, ಅವಳದಲ್ಲ. ಕೈಗಳಲ್ಲಿ ಸೂಜಿ ಎತ್ತುವ ಬಲವಿತ್ತು, ಬಿಗಿಯಾಗಿ ಹಿಡಿಯುವ ಬಲವಿತ್ತು. ಮೈಯನ್ನು ಎತ್ತಿ ಸರಿಸುವಷ್ಟು ಇರಲಿಲ್ಲ. ಪ್ರಯತ್ನ ಮಾಡಿರಲಿಲ್ಲವೆಂದಲ್ಲ. ಅಂಗೈ ಊರಿ ಊರಿ ಹಾಸುಗಲ್ಲಿನ ಮೇಲೆ ಎರಡು ಕಪ್ಪು ಗುರುತು ಮೂಡಿದ್ದವು.

ಡಂಗುರ ಬಂದ ದಿನ ಗೆರೆಯವನು ಅಕ್ಕನ ಎದುರು ಬಂದು ನಿಂತ. ಗಡಿಗೆಯನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

"ಅಕ್ಕಾ, ಹಬ್ಬ ಗೊತ್ತಾಗೇತಿ. ಇನ್ನ ಒಂಬತ್ತು ದಿನ."

"ಕೇಳೀನಿ. ಡಂಗುರದವ ನಮ್ಮ ಮನಿ ಮುಂದ ಹಗೂರಕ ಬಾರ್ಸಿದ, ಪಾಪ."

"ಒಂದು ಗೇಣು ಸರದ್ರ ಸಾಕಿತ್ತು."

"ಸರಿಯೂದು ಆಗಿದ್ರ ನಿನ್ನ ಬಾಯಿಂದ ಹೇಳಿಸ್ಕೊಂತಿದ್ನೇನು?"

ಅವನು ಕೂತುಬಿಟ್ಟ. ಊರಿಗೆಲ್ಲ ಗೆರೆ ಎಳೆದ ಕೈ ಅದು. ತಂದೆಯ ಕೈಯಿಂದ ಬಂದ ಕೆಲಸ, ತಂದೆಗೆ ಅಜ್ಜನಿಂದ ಬಂದದ್ದು. ತನ್ನವರೆಂದು ಬಿಟ್ಟರೆ ಅಲ್ಲಿಗೆ ಆ ಕೈಯ ಮಾತು ಮುಗಿಯಿತು. ಎಳೆದರೆ ಈ ಅಕ್ಕನನ್ನು ಇನ್ನು ಮುಟ್ಟುವಂತಿಲ್ಲ. ಯಾರ ಸೊಂಟದ ಮೇಲೆ ಬೆಳೆದನೋ ಅವಳಿಗೆ ಸೌಟಿನಲ್ಲಿ ನೀಡಬೇಕು. ಅವನಿಗೆ ಅಳು ಬಂತು, ಅತ್ತ.

ಅವಳು ಅಳಲಿಲ್ಲ. ಹೊಲಿಗೆ ಕಟ್ಟಿ, ದಾರ ಹಲ್ಲಿನಿಂದ ಕಡಿದು, ಕೇಳಿದಳು:

"ತಮ್ಮಾ, ನೀ ಗೆರಿ ಎಳಿಯೂದು ಎಂಥಾದ್ದಕ್ಕೋ?"

"ಕದಲದ್ದಕ್ಕ."

"ಬಾವಿನೂ ಕದಲಂಗಿಲ್ಲ. ಬಾವಿಗೆ ಎಳೀತಿಯೇನು?"

"ಇಲ್ಲ. ಬಾವಿಗೆ ಕದಲಾಕ ಬರಂಗಿಲ್ಲ."

"ಹಂಗಾರ ಕದಲಾಕ ಬರೂದಕ್ಕಷ್ಟ ಎಳೀತಿ. ನನ್ನ ಸುತ್ತ ಗೆರಿ ಎಳದ್ರ, ಇಕಿಗೆ ಕದಲಾಕ ಬರ್ತೈತಿ ಅಂತ ಊರ ಮುಂದ ನೀನ ಹೇಳಿದಂಗಾತು. ಅಳೂದ್ಯಾಕ?"

ಅವನು ಕಣ್ಣೊರೆಸಿಕೊಂಡು ಅವಳ ಮುಖ ನೋಡಿದ. ಅವಳು ತೊಡೆಯ ಪಕ್ಕದಲ್ಲಿದ್ದ ಗಂಟನ್ನು ಬಿಚ್ಚಿದಳು. ಒಳಗಿದ್ದದ್ದು ಕೌದಿಯಲ್ಲ. ಒಂದು ಗೇಣು ಅಗಲದ, ಸುರುಳಿ ಸುತ್ತಿದ, ಉದ್ದನೆಯ ಪಟ್ಟಿ. ಬಿಚ್ಚಿದಷ್ಟೂ ಬರುತ್ತಿತ್ತು. ಈ ವರ್ಷ ಹೊಲಿಯಲು ಬಂದ ಪ್ರತಿ ಮನೆಯ ಬಟ್ಟೆಯಿಂದ ಒಂದೊಂದು ತುಂಡು ಉಳಿಸಿ, ಒಂದರ ತುದಿಗೆ ಒಂದು ಹೊಲಿದು, ಮೂರು ಪದರ ಹಾಕಿ ಗಟ್ಟಿ ಮಾಡಿದ್ದಳು.

"ನೀ ನಡಿಯೂದು ಕಲ್ತದ್ದು ನೆನಪೈತೇನು? ನಿನಗ ಹೆಂಗ ಇರ್ತೈತಿ ಬಿಡು. ನನ್ನ ಸೆರಗು ಹಿಡಕೊಂಡು ನಡದಿ. ನಾ ಮುಂದ, ನೀ ಹಿಂದ. ಅವಾಗ ನಡದಾವ ಯಾರು, ನೀನೋ ನಾನೋ?"

"ನಾನ."

"ನಾ ಎಳದಿದ್ನಲ್ಲ?"

"ಹಿಡದಿದ್ದು ನಾನಲ್ಲ ಮತ್ತ?"

"ಹಾಂ," ಎಂದಳು ಅಕ್ಕ. ಅಷ್ಟೇ ಹೇಳಿ ಪಟ್ಟಿಯನ್ನು ಮತ್ತೆ ಸುತ್ತತೊಡಗಿದಳು.

ಅವನು ಎದ್ದುನಿಂತ. "ಹಂಗಾರ ಈಗ ಬಾ, ನಾ ಎಳೀತೀನಿ."

"ನೀ ಒಬ್ಬನ ಎಳದ್ರ, ಗೆರಿಯವ ಅಕ್ಕನ್ನ ಹೊತ್ತ ಅಂತಾರ. ನಾಳೆ ನಿನ್ನ ಮಾತಿಗೆ ಮೂರು ಕಾಸಿನ ಬೆಲಿ ಇರಂಗಿಲ್ಲ. ನನಗ ಊರು ಬೇಕು. ಎಲ್ಲಾರ್ದೂ ಒಂದೊಂದು ತುಂಡು ಅದರಾಗೈತಿ, ಎಲ್ಲಾರೂ ಹಿಡೀಬೇಕು. ಗೆರಿ ಎಳಿ. ಒಂದು ಗೇಣು ಮಾತ್ರ ಬಿಡು, ಪಟ್ಟಿ ಹಾಯಾಕ. ಆಮ್ಯಾಲೆ ಕೂಗು."

"ಅಕ್ಕಾ, ಕೂಗಿದ್ರ ಎಲ್ಲಾರೂ ಒಳಗ ಹೊಕ್ಕಾರ."

"ಬರ್ರೀ ಅಂದ್ರ ಒಳಗ ಹೋಗಂತ ನಮ್ಮಜ್ಜ ಕೂಗಿದ್ನೇನು?" ಎಂದಳು. "ಏನಂತ ಕೂಗಾಕತ್ತೀ ಅಂತ ಒಂದಿನಾರ ನಿನ್ನ ಕಿವಿಲೆ ನೀ ಕೇಳೀಯೇನು?"

ಅವನು ಕೇಳಿರಲಿಲ್ಲ. ಅಂದು ಸಂಜೆ ಅವನು ಊರಬಾಗಿಲಿಗೆ ಹೋಗಿ ಅಲ್ಲಿದ್ದ, ತೆನೆ ಒಕ್ಕುವ ರೋಣಗಲ್ಲಿನ ಮುಂದೆ ನಿಂತ. ಊರಿನ ಮೊಟ್ಟಮೊದಲ ಗೆರೆ ಅದರದು, ಕಣದಿಂದ ಉರುಳಿಸಿ ತರುವಾಗ ಅಲ್ಲಿಯೇ ಉಳಿದುಹೋದ ಕಲ್ಲು. ಹಳೆಯ ಗೆರೆಗಳನ್ನು ಇದ್ದ ಹಾಗೆಯೇ ತಿದ್ದಬೇಕೆಂಬುದು ಅವರ ಮನೆತನದ ನಿಯಮ. ಆ ಗೆರೆಯಲ್ಲಿ ಒಂದು ಕಡೆ ಒಂದು ಗೇಣು ಸುಣ್ಣವಿರಲಿಲ್ಲ. ಅಜ್ಜನ ಕಾಲದ ಗೆರೆಗಳಿಗೆಲ್ಲ ಹೀಗೊಂದು ಬಾಯಿ. ಯಾಕೆಂದು ಕೇಳಿದರೆ ಊರಿನವರು, ಇರುವೆ ಓಡಾಡಲಿ ಅಂತ, ಎನ್ನುತ್ತಿದ್ದರು. ಅವನ ತಂದೆ ಬಲು ಅಚ್ಚುಕಟ್ಟಿನ ಮನುಷ್ಯ. ಬಾಯಿ ಬಿಟ್ಟ ಗೆರೆ ಅರ್ಧ ಮಾಡಿದ ಕೆಲಸದಂತೆ ಕಂಡು, ಮುಚ್ಚತೊಡಗಿದ್ದ. ಗೆರೆಯವನು ಆ ಬಾಯಿಯಲ್ಲಿ ತನ್ನ ಪಾದ ಇಟ್ಟು ನೋಡಿದ. ಒಬ್ಬ ಮನುಷ್ಯನ ಕಾಲು ಸಲೀಸಾಗಿ ಹಿಡಿಯುತ್ತಿತ್ತು. ಇರುವೆಗೆ ಇಷ್ಟು ದೊಡ್ಡ ಬಾಗಿಲು ಬೇಕಿರಲಿಲ್ಲ.

ಅಲ್ಲಿ ಕುಂಬಾರರ ಸೊಸೆ ಮಣ್ಣಿನ ಬುಟ್ಟಿ ಹೊತ್ತು ಬರುತ್ತಿದ್ದಳು. ಬೇರೆ ಊರಿನಿಂದ ಮದುವೆಯಾಗಿ ಬಂದು ಎರಡು ವರ್ಷವಾಗಿರಲಿಲ್ಲ. ಇವಳ ಬಗ್ಗೆ ಊರಿನಲ್ಲಿ ಒಂದು ನಗೆಮಾತಿತ್ತು. ಮದುವೆಯಾದ ಹೊಸದರಲ್ಲಿ ಹಬ್ಬದ ಕೂಗು ಕೇಳಿ ಇವಳು ಕೈ ಒರೆಸಿಕೊಳ್ಳುತ್ತ ಬೀದಿಗೆ ಓಡಿಬಂದು, "ಏನಾತ್ರೀ, ಕರದ್ರಲ್ಲ?" ಎಂದಿದ್ದಳಂತೆ. ಅತ್ತೆ ರಟ್ಟೆ ಹಿಡಿದು ಒಳಗೆಳೆದು, ಬರ್ರೀ ಅಂದ್ರ ಒಳಗ ಹೋಗಬೇಕನ್ನೂ ಅಷ್ಟೂ ತಿಳುವಳಿಕಿ ನಿಮ್ಮೂರಾಗ ಇಲ್ಲೇನು ಎಂದು ಬೈದಿದ್ದಳು. ಮನೆಯವರೆಲ್ಲ ತಿಂಗಳುಗಟ್ಟಲೆ ನಕ್ಕಿದ್ದರು.

ಗೆರೆಯವನು ಅವಳನ್ನು ಕೇಳಿದ: "ತಂಗೀ, ಆವತ್ತು ಓಡಿ ಬಂದೆಲ್ಲ, ನಿನಗ ಏನಂತ ಕೇಳಿಸಿತ್ತು?"

ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡು ಅವಳ ಮುಖ ಕೆಂಪಾಯಿತು. "ಯಾರೋ ಕೈಲಾಗದವರು ಕರದಂಗ ಕೇಳಿಸ್ತಣ್ಣಾ. ಈಗ ತಿಳದೈತಿ ಬಿಡ್ರಿ, ಇನ್ನ ತಪ್ಪಂಗಿಲ್ಲ" ಎಂದು ತಲೆ ತಗ್ಗಿಸಿ ಹೋದಳು.

ಹಬ್ಬ ಬಂತು. ಬೆಳಗಿನಿಂದ ಗಡಿಗೆ ಸರಿದವು, ಪೆಟ್ಟಿಗೆ ಸರಿದವು, ಬೀಸುಕಲ್ಲು ಸರಿದು ಮತ್ತೆ ಇದ್ದಲ್ಲಿಗೆ ಬಂದು ಕೂತಿತು. ಮಧ್ಯಾಹ್ನ ಗೆರೆಯವನು ಊರೆಲ್ಲ ಸುತ್ತಿ, ಕೊನೆಗೆ ತನ್ನ ಮನೆಗೆ ಬಂದ. ಹಿಂದೆ ಊರು ಬಂತು. ಕನಿಕರವೂ ಇತ್ತು, ಎಳೆಯುತ್ತಾನೋ ಬಿಡುತ್ತಾನೋ ನೋಡುವ ಚಪಲವೂ ಇತ್ತು. ಊರಹಿರಿಯ ಎಲ್ಲರಿಗಿಂತ ಮುಂದೆ, ಕೈ ಕಟ್ಟಿಕೊಂಡು, ಅಂಗಳದಲ್ಲಿ ನಿಂತ.

ಅಕ್ಕ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಕೂತಿದ್ದಳು. ತಮ್ಮ ಬಗ್ಗಿದ. ಕುಂಚ ಅದ್ದಿದ. ಕಂಬದ ಬುಡದಿಂದ ಶುರುಮಾಡಿ, ಅವಳ ಬೆನ್ನ ಹಿಂದೆ, ಅವಳ ಎಡಕ್ಕೆ, ಅವಳ ಪಾದದ ಮುಂದೆ ಸುಣ್ಣ ಎಳೆದ. ಗೆರೆ ಸೊಟ್ಟಾಯಿತು. ಬೀದಿಯ ಕಡೆ ಒಂದು ಗೇಣು ಉಳಿದಾಗ ಕುಂಚ ಎತ್ತಿದ.

"ಮುಗಸು," ಎಂದ ಊರಹಿರಿಯ.

"ಮುಗೀತ್ರಿ ಹಿರ್ಯಾರ. ನಮ್ಮಜ್ಜ ಇಷ್ಟ ಎಳೀತಿದ್ದ."

"ನಿಮ್ಮಪ್ಪ ಪೂರಾ ಎಳೀತಿದ್ದ. ನನ್ನ ತಾಯಿಗೆ ನೀನೂ ಪೂರಾ ಎಳದಿ. ನಾ ನಿಂತು ನೋಡೀನಿ, ಒಂದು ಕೂದಲು ಹಾಯುವಷ್ಟು ಸಂದಿ ಇರಲಿಲ್ಲ. ನಿಮ್ಮಕ್ಕಗ ಬ್ಯಾರೇ ಗೆರಿ, ನನ್ನ ತಾಯಿಗೆ ಬ್ಯಾರೇ ಗೆರಿ ಏನು?"

ಆ ಗೆರೆಯನ್ನೂ ತಾನೇ ಎಳೆದದ್ದು ಎಂಬುದು ಒಂದೇ ಗೆರೆಯವನಿಗೆ ಕಾಣುತ್ತಿತ್ತು. ಗಡಿಗೆ ಕೆಳಗಿಟ್ಟು, ಜನರ ನಡುವೆ ಹಾದು, ಬೀದಿಗೆ ಹೋಗಿ ನಿಂತು ಕತ್ತೆತ್ತಿದ.

"ಬರ್ರೀ."

ಜನ ತಿರುಗಿ ನಡೆದರು.

"ಬರ್ರೀ."

ಹೆಜ್ಜೆ ಓಟವಾಯಿತು.

"ಬರ್ರೀ."

ಬಾಗಿಲುಗಳು ಕಿರ್ ಕಿರ್ ಎಂದು ಮುಚ್ಚಿದವು. ಅಗುಳಿ ಬಿದ್ದವು. ಬೀದಿಯಲ್ಲಿ ಒಂದು ಕೋಳಿಯೂ ಉಳಿಯಲಿಲ್ಲ. ಊರಹಿರಿಯನೂ ಎದುರು ಮನೆಯ ಕಟ್ಟೆ ಹತ್ತಿ ಒಳಗೆ ಹೋದ.

ಅಕ್ಕ ಸುರುಳಿಯನ್ನು ಬೀಸಿ ಎಸೆದಳು. ಪಟ್ಟಿ ಗೆರೆಯ ಬಾಯಿಂದ ಹಾದು, ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಬೀದಿಯ ಮಣ್ಣಿನಲ್ಲಿ ಬಿಚ್ಚಿಕೊಂಡು ಬಿತ್ತು. ಕೆಂಪು, ಹಸಿರು, ಗೋಪಿ, ಕಪ್ಪು, ಊರಿನ ಎಲ್ಲ ಬಣ್ಣ. ಈಚೆಯ ತುದಿಯನ್ನು ಅವಳು ಎರಡೂ ಕೈಗೆ ಸುತ್ತಿಕೊಂಡು ಕೂತಳು. ಆಚೆಯ ತುದಿ ಯಾರ ಕೈಯಲ್ಲೂ ಇರಲಿಲ್ಲ.

ಬಿಸಿಲು ಜೋರಿತ್ತು. ಗೆರೆಯ ಅಂಚು ಆಗಲೇ ಬಿಳಿಚಿಕೊಳ್ಳುತ್ತಿತ್ತು. ಒಣಗಿದ ಗೆರೆಯೇ ಗೆರೆ. ಗೆರೆಯವನು ಅದನ್ನು ನೋಡಿದ, ಬೀದಿಯನ್ನು ನೋಡಿದ.

ಆಗ ಒಂದು ಬಾಗಿಲು ಕಿರ್ ಎಂದಿತು. ಕುಂಬಾರರ ಮನೆಯದು. ಒಳಗಿನಿಂದ ಅತ್ತೆಯ ಬೈಗುಳ, ಅದರ ಹಿಂದೆಯೇ ಸೊಸೆ. ಕೈ ಒರೆಸಿಕೊಳ್ಳುತ್ತ ನಡೆದು ಬಂದಳು, ಈ ಸಲ ಓಡಲಿಲ್ಲ. ಬೀದಿಯಲ್ಲಿ ಬಿದ್ದ ಪಟ್ಟಿಯ ಪಕ್ಕ ನಿಂತು, ಬಗ್ಗಿ, ಒಂದು ತುಂಡಿನ ಮೇಲೆ ಬೆರಳಿಟ್ಟಳು. ಕಂದುಬಣ್ಣದ ಮೇಲೆ ಹಳದಿ ಚುಕ್ಕಿ.

"ಇದು ನಮ್ಮವ್ವನ ಸೀರಿ," ಎಂದಳು. "ಬರೂವಾಗ ಉಟ್ಟು ಬಂದಿದ್ದೆ."

ಪಟ್ಟಿಯ ತುದಿ ಎತ್ತಿ ಸೊಂಟಕ್ಕೆ ಒಂದು ಸುತ್ತು ಹಾಕಿಕೊಂಡು ಎಳೆದಳು. ಗೆರೆಯವನೂ ಬಂದು ಹಿಡಿದ. ಪಟ್ಟಿ ಬಿಗಿಯಾಯಿತು, ಹೊಲಿಗೆ ಬಿಡಲಿಲ್ಲ. ಅಕ್ಕನ ಮೈ ಮುಂದಕ್ಕೆ ಬಾಗಿತು, ಕೂತ ಕೌದಿ ಕದಲಲಿಲ್ಲ. ಇಬ್ಬರಿಗೆ ಆಗುವ ಕೆಲಸವಲ್ಲ ಅದು. ವರ್ಷವಿಡೀ ಕೂತ ಭಾರಕ್ಕೆ ಕೂತ ಜಾಗದ ಭಾರವೂ ಸೇರಿಕೊಂಡಿತ್ತು.

ಗೆರೆ ಅರ್ಧದಷ್ಟು ಬೆಳ್ಳಗಾಯಿತು. ಕಿಟಕಿಯ ಸಂದಿಗಳಲ್ಲಿ ಕಣ್ಣುಗಳು ಕಾಣುತ್ತಿದ್ದವು. ನೋಡುತ್ತಿದ್ದರು, ಎಲ್ಲರೂ ನೋಡುತ್ತಿದ್ದರು. ಬರುವುದಕ್ಕೆ ಮಾತ್ರ ಪದ್ಧತಿಯಿರಲಿಲ್ಲ.

ಗೆರೆಯವನು ಪಟ್ಟಿ ಬಿಡದೆಯೇ ತಲೆಯೆತ್ತಿದ. ಹಬ್ಬದ ರಾಗವಿಲ್ಲ, ಕತ್ತು ಎತ್ತುವ ಶಾಸ್ತ್ರವಿಲ್ಲ. ಬಾವಿಗೆ ಬಿದ್ದವರನ್ನು ಕಂಡವನು ಕೂಗುವ ಹಾಗೆ, ಮನೆಗೆ ಬೆಂಕಿ ಬಿದ್ದವನು ಕೂಗುವ ಹಾಗೆ ಕೂಗಿದ.

"ಬರ್ರೆಪೋ. ನಮ್ಮಕ್ಕ ಅದಾಳ ಇಲ್ಲಿ. ಬರ್ರೀ."

ಆ ಊರಿನಲ್ಲಿ ಯಾರೂ ನಾಲ್ಕನೆಯ ಕೂಗು ಕೇಳಿರಲಿಲ್ಲ. ಮೂರಕ್ಕೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕಕ್ಕೆ ಏನು ಮಾಡಬೇಕೆಂದು ಅಪ್ಪ ಹೇಳಿರಲಿಲ್ಲ, ಅಜ್ಜ ಹೇಳಿರಲಿಲ್ಲ, ಕಟ್ಟಳೆಯಲ್ಲಿ ಇರಲಿಲ್ಲ. ಬಾಗಿಲ ಹಿಂದೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೇನೂ ತೋಚದೆ, ಆ ಮಾತು ಏನು ಹೇಳುತ್ತದೋ ಅದನ್ನೇ ಮಾಡಿದರು.

ಒಂದು ಬಾಗಿಲು ಕಿರ್ ಎಂದಿತು. ಇನ್ನೊಂದು ಕಿರ್ ಎಂದಿತು. ಎಣ್ಣೆ ಕಾಣದ ಊರು, ಬೀದಿಯ ಈ ತುದಿಯಿಂದ ಆ ತುದಿಯ ತನಕ ಕಿರುಗುಟ್ಟಿತು. ಬಂದವರು ಮೊದಲು ಪಟ್ಟಿ ಹಿಡಿಯಲಿಲ್ಲ, ನೋಡಿದರು. ಇದು ನಮ್ಮಪ್ಪನ ಧೋತರ. ಇದು ನಮ್ಮ ಕೂಸಿನ ಕುಲಾವಿಯ ಅರಿವೆ. ತೊಟ್ಟಿಲಿನ ಮನೆಯವಳು ಒಂದು ಪುಟ್ಟ ಹಸಿರು ತುಂಡು ಕಂಡು ಬಹಳ ಹೊತ್ತು ಅದನ್ನೇ ಹಿಡಿದು ನಿಂತಳು. ಹೀಗೆ ತಮ್ಮ ತಮ್ಮ ತುಂಡು ಹಿಡಿದದ್ದೇ ಎಲ್ಲರೂ ಪಟ್ಟಿ ಹಿಡಿದ ಹಾಗಾಯಿತು. ಕುಂಬಾರರ ಅತ್ತೆಯೂ ಬಂದು ಸೊಸೆಯ ಹಿಂದೆ ನಿಂತು, "ಸೊಂಟಕ್ಯಾಕ ಸುತ್ಕೊಂಡಿ, ಕೈಯಾಗ ಹಿಡಿ" ಎಂದು ಗದರಿ ಎಳೆದಳು.

ಕೌದಿ ಕದಲಿತು.

ಹಾಸುಗಲ್ಲಿನ ಮೇಲೆ ಸರ್ ಎಂದು ಒಂದು ಬೆರಳು ಸರಿಯಿತು. ಒಂದು ಗೇಣು ಸರಿಯಿತು. ಮುಂದಿನ ಗೆರೆ ಇನ್ನೂ ತೇವ ಇತ್ತು. ಅದರ ಮೇಲೆಯೇ ಕೌದಿ ಹಾದು, ಸುಣ್ಣ ಬಳಿದುಕೊಂಡು, ಅಕ್ಕ ಹೊಸ್ತಿಲ ತನಕ ಬಂದಳು. ಅವಳ ಕೈಗಳ ಗೆಣ್ಣು ಬೆಳ್ಳಗಾಗಿದ್ದವು. ಹೊಸ್ತಿಲ ಮೇಲೆ ಬಿಸಿಲು ಬಿದ್ದಿತ್ತು. ಒಂದು ವರ್ಷದಿಂದ ಬಿಸಿಲು ಅವಳ ಪಾದಕ್ಕೆ ಬಿದ್ದಿರಲಿಲ್ಲ. ಅವಳು ಆಗ ಅತ್ತಳು.

ಊರಹಿರಿಯ ಕಟ್ಟೆಯ ಮೇಲೆ ನಿಂತಿದ್ದ. ಅವನು ಪಟ್ಟಿ ಹಿಡಿದಿರಲಿಲ್ಲ. "ಇದು ಹೊತ್ತಂಗಾತು," ಎಂದ. ದನಿಯಲ್ಲಿ ಗಟ್ಟಿತನವಿರಲಿಲ್ಲ.

"ಯಾರೂ ಹೊತ್ತಿಲ್ರಿ," ಎಂದ ಗೆರೆಯವನು. "ಊರು ಎಳದೈತಿ ಖರೆ, ಹಿಡದಾಕಿ ಅಕಿ. ಕೈ ಬಿಟ್ಟಿದ್ರ ಅರಿವಿ ಅಷ್ಟ ನಮ್ಮ ಕೈಯಾಗ ಬರ್ತಿತ್ತು, ಅಕಿ ಅಲ್ಲೇ ಉಳೀತಿದ್ಲು."

ಊರಹಿರಿಯ ಎಲ್ಲರ ಮುಖ ನೋಡಿದ. ಯಾರೂ ಅವನ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಕೌದಿಯವಳಿಗೆ ನೀರು ಕೊಡುವುದರಲ್ಲಿ, ಅವಳ ಅಂಗೈ ತಿಕ್ಕುವುದರಲ್ಲಿ ಇದ್ದರು. ಅವನು ಮೆಟ್ಟಿಲಿಳಿದು ಒಬ್ಬನೇ ಮನೆಗೆ ಹೋದ.

ಸಂಜೆಯೊಳಗೆ ಜನ ಚಕ್ಕಡಿಯ ಹತ್ತಿರ ಸೇರಿದರು. ಯಾರು ಮೊದಲು ಕೈ ಹಾಕಿದರೋ ತಿಳಿಯದು. ಗೆರೆಯವನು ಒದ್ದೆ ಅರಿವೆಯಿಂದ ಗೆರೆಯಲ್ಲಿ ಒಂದು ಬಾಯಿ ಮಾಡಿಕೊಟ್ಟ, ಅಷ್ಟೇ. ಬೇವಿನ ಗಿಡವನ್ನು ಬೇರು ಸಮೇತ ತೆಗೆದು ಬಾವಿಯ ಪಕ್ಕ ನೆಟ್ಟರು. ಚಕ್ಕಡಿ ಸರಿದ ಜಾಗದಲ್ಲಿ ದಾರಿ ಇಷ್ಟು ಅಗಲ ಇತ್ತೇ ಎಂದು ಮುದುಕರು ಆಚೀಚೆ ಓಡಾಡಿ ನೋಡಿದರು. ದಾರಿಬದಿಯ ಅಜ್ಜನ ಪಕ್ಕದಲ್ಲಿ ಯಾರೋ ಹೋಗಿ ಕೂತರು. ಅವನು, "ಎಡಕ್ಕಲ್ಲ, ಬಲಕ್ಕ ಹೊಳ್ಳಬೇಕು. ಇಷ್ಟು ವರ್ಷ ತಪ್ಪು ಹೇಳಾಕತ್ತೀರಿ" ಎಂದ.

ಮರುದಿನ ಬೆಳಿಗ್ಗೆ ಕೌದಿಯವಳು ಹೊಸ್ತಿಲ ಪಕ್ಕದಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಾಗ ಊರಹಿರಿಯ ಬಂದ. ರುಮಾಲು ಇರಲಿಲ್ಲ. ಮೆಟ್ಟಿಲ ಕೆಳಗೆ ನಿಂತು, ಹೆಗಲ ಮೇಲಿನ ವಸ್ತ್ರದೊಳಗಿಂದ ಒಂದು ತುಂಡು ಬಟ್ಟೆ ತೆಗೆದ. ನೀಲಿ, ಅಂಚು ಸವೆದದ್ದು.

"ಅವ್ವಂದು," ಎಂದ. "ನಾಕು ವರ್ಷದಿಂದ ನಮ್ಮ ಮನಿ ಅರಿವಿ ಹೊಲಿಯಾಕ ಕೊಟ್ಟಿಲ್ಲ. ನಿನ್ನ ಪಟ್ಟಿಯೊಳಗ ನಮ್ಮದೊಂದು ಇಲ್ಲ. ಸೇರಸ್ತಿಯೇನವಾ?"

ಕೌದಿಯವಳು ತುಂಡನ್ನು ತಿರುವಿ ನೋಡಿದಳು. "ಕುಂದರ್ರಿ ಹಿರ್ಯಾರ. ಈ ತುದಿ ಹಿಡೀರಿ, ಜಗ್ಗಿ ಹಿಡೀರಿ, ಹೊಲಗಿ ಸೊಟ್ಟ ಆಗಬಾರ್ದು."

ಊರಹಿರಿಯ ಮೆಟ್ಟಿಲ ಮೇಲೆ ಕೂತು ಪಟ್ಟಿಯ ತುದಿ ಹಿಡಿದ. ಅವಳು ಹೊಲಿದಳು. ಹೊಲಿದು ಮುಗಿಯುವ ಹೊತ್ತಿಗೆ ಬೀದಿಯಲ್ಲಿ ಜನ ಸೇರಿದ್ದರು, ಯಾರೂ ಕರೆದಿರಲಿಲ್ಲ.

ಊರಹಿರಿಯನ ಮನೆಯ ಒಳಕೋಣೆ ಕತ್ತಲಾಗಿತ್ತು. ಕಿಟಕಿಯ ಕೆಳಗೆ ಮುದುಕಿ, ಸುತ್ತ ಗಟ್ಟಿಯಾದ ಗೆರೆ, ಗೋಡೆಗೆ ಆನಿಸಿದ ಉದ್ದನೆಯ ಸೌಟು. ಗೆರೆಯವನು ಮೊಣಕಾಲೂರಿ ಕೂತು ಒದ್ದೆ ಅರಿವೆಯಿಂದ ಸುಣ್ಣ ಉಜ್ಜತೊಡಗಿದ. ನಾಲ್ಕು ವರ್ಷದ ಸುಣ್ಣ ಬೇಗ ಬಿಡಲಿಲ್ಲ. ತಾನು ಎಳೆದ ಗೆರೆಯನ್ನು ತಾನೇ ಒರೆಸುತ್ತ ಅವನು ತಲೆಯೆತ್ತಲಿಲ್ಲ. ಒಂದು ಗೇಣಿನಷ್ಟು ಸುಣ್ಣ ಬಿಟ್ಟುಕೊಂಡಾಗ ಮಗ ಪಟ್ಟಿಯ ತುದಿಯನ್ನು ಒಳಗೆ ಚಾಚಿದ. ಸೌಟಿಲ್ಲದೆ ಅವನ ಕೈ ಆ ಕಡೆ ಹೋಗಿ ನಾಲ್ಕು ವರ್ಷವಾಗಿತ್ತು.

"ಯವ್ವಾ," ಎಂದ.

ಮುದುಕಿ ಕೈಯಾಡಿಸಿ ಪಟ್ಟಿಯನ್ನು ಮುಟ್ಟಿ, ತನ್ನ ನೀಲಿ ತುಂಡನ್ನು ಬೆರಳಲ್ಲೇ ಗುರುತು ಹಿಡಿದಳು. ಎರಡೂ ಕೈಗೆ ಸುತ್ತಿಕೊಂಡಳು. ನಾಲ್ಕು ವರ್ಷ ಆಡದ ಬಾಯಿ, ಮೊದಲು ಗಂಟಲು ಸರಿಮಾಡಿಕೊಂಡಿತು.

"ಇಷ್ಟು ತಡಾ ಮಾಡಿದ್ರೆಲ್ಲೋ," ಎಂದಳು. "ನಿನ್ನಿ ನಾಕನೇ ಸಲ ಕೂಗಿದ್ದು ನನಗೂ ಕೇಳಿತು. ಆಗಿಂದ ಸೆರಗು ಸರಿಮಾಡ್ಕೊಂಡು ಕುಂತೀನಿ."